ಆ ಪಾಚಿ ಎಲ್ಲಿಂದ ಬಂತು ಅಂದ್ರೆ...



ಇಲ್ಲಿ ನನ್ನ ಧರಣಿ ಫೋಟೋ, ಭಾಷಣದ ಫೋಟೋ ನೋಡಿರ್ತೀರಿ. ಹೊಟ್ಟೆಪಾಡಿಗೆ ಏನು ಮಾಡ್ತೀನಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನಾನು ಮೀನಿನ ತೊಟ್ಟಿ ನೋಡ್ಕೊಳ್ತೀನಿ. ಮೈಸೂರಿನ ಒಂದಷ್ಟು ಮನೆ, ಕ್ಲಿನಿಕ್ಕು, ಎರಡು ಹೋಟೆಲ್ಲು. ವಾರಕ್ಕೊಂದು ಸಲ ಹೋಗಿ ಗಾಜು ಉಜ್ಜಿ, ನೀರು ಬದಲಾಯಿಸಿ, ಫಿಲ್ಟರ್ ತೊಳೆದು ಬರೋ ಕೆಲಸ. ಅಪ್ಪ ನಮ್ಮ ಅಶೋಕಪುರಂ ಪಕ್ಕದ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ನಾನು ಪಿಯುಸಿ ಫೇಲಾಗಿ ಒಂದು ಮೀನಿನ ಅಂಗಡಿ ಸೇರಿದೆ. ಅಲ್ಲಿ ಕಲಿತಿದ್ದೇ ಇವತ್ತಿಗೂ ಅನ್ನ ಹಾಕ್ತಿದೆ.

ಈ ಬರಹ ಪಾಚಿ ಬಗ್ಗೆ. ನಗಬೇಡಿ, ಪೂರ್ತಿ ಓದಿ.

ಸಿಹಿನೀರಿನ ತೊಟ್ಟಿ ಎಲ್ಲರಿಗೂ ಗೊತ್ತು, ಗೋಲ್ಡ್‌ಫಿಶ್, ಗಪ್ಪಿ. ಉಪ್ಪುನೀರಿನ ತೊಟ್ಟಿ ಬೇರೆ ವ್ಯವಹಾರ. ಮರೈನ್ ಟ್ಯಾಂಕ್ ಅಂತಾರೆ. ಸಮುದ್ರ ನೋಡಬೇಕು ಅಂದ್ರೆ ನಾವು ಮಂಗಳೂರಿಗೆ ಸುಮಾರು 250 ಕಿಲೋಮೀಟರ್ ಹೋಗಬೇಕು. ಇದರಲ್ಲಿ ಸಮುದ್ರಾನೇ ಹಾಲ್‌ನಲ್ಲಿ ತಂದು ಕೂರಿಸೋದು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಬೇಕು, ರಾತ್ರಿಯೆಲ್ಲ ಪಂಪ್ ಇಟ್ಟು ಕರಗಿಸಬೇಕು. ಹವಳ ಇಡೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರೋ ಪಟ್ಟಿ. ಹಾಗಾಗಿ ಸಿಮೆಂಟು, ಸೆರಾಮಿಕ್ ಕಲ್ಲು ಜೋಡಿಸಿ ಕ್ಲೌನ್‌ಫಿಶ್, ಡ್ಯಾಮ್ಸೆಲ್ ಬಿಡ್ತೀವಿ. ದುಡ್ಡಿರೋರ ಶೋಕಿ. ಆದ್ರೆ ಆ ನೀರಿನ ಮುಂದೆ ಕೂತ್ರೆ ನನಗೂ ಎದ್ದೇಳೋಕೆ ಮನಸ್ಸಾಗಲ್ಲ, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಒಂದು ಮನೆಯಲ್ಲಿ ಇಂಥ ತೊಟ್ಟಿ ಕೂರಿಸಿದೆ. ಬಡಾವಣೆ ಹೆಸರು ಬೇಡ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, 400 ಲೀಟರ್ ಮೇಲೆ ನೀರು. ಯಜಮಾನರು ಓದಿಕೊಂಡೋರು, ಮೃದು ಮಾತು. ತೊಟ್ಟಿ ಮೇಲಿನ ಗೋಡೆಯಲ್ಲಿ ಕುವೆಂಪು ಫೋಟೋ. ಮೊದಲ ಸಲ ತುಂಬಿಸೋಕೆ ಅಡುಗೆಮನೆಯ ಆರ್‌ಒ ಮೆಷೀನಿಂದ ಪೈಪ್ ಎಳೆದಿದ್ವಿ. ಗಂಟೆಗೆ 12–15 ಲೀಟರ್ ಬರೋದು, ಎರಡು ದಿನ ಹಿಡೀತು. ಮೇಡಂ ತಾವೇ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಮುಂದಿನ ವಾರಗಳಲ್ಲೂ ಅಷ್ಟೆ, ಎರಡು ಕ್ಯಾನ್ ಹಿಡ್ಕೊಂಡು ಅಡುಗೆಮನೆಗೆ ಹೋಗಿ ನಾನೇ ತುಂಬಿಸಿಕೊಳ್ತಿದ್ದೆ.

ಜುಲೈ ಮೊದಲ ವಾರ ಮರಳಿನ ಮೇಲೆ ಕಂದು ಪುಡಿ ಕಾಣಿಸ್ತು. ಬೆರಳಲ್ಲಿ ಒರೆಸಿದರೆ ಹಿಟ್ಟಿನ ಹಾಗೆ ಬರುತ್ತೆ. ಅದು ಡಯಾಟಮ್. ಹೊಸ ತೊಟ್ಟಿಗೆ ಬಂದೇ ಬರುತ್ತೆ, ಮಗುಗೆ ಹಲ್ಲು ಬಂದ ಹಾಗೆ. ಅದರ ಮೈಚಿಪ್ಪು ಸಿಲಿಕಾದ್ದು, ಅಂದ್ರೆ ಗಾಜಿನ ಜಾತಿ. (ಜಾತಿ ಅನ್ನೋ ಪದ ಇಲ್ಲೂ ಬಿಡಲ್ಲ ನೋಡಿ.) ನೀರಲ್ಲಿರೋ ಸಿಲಿಕೇಟ್ ಮುಗಿದ ಮೇಲೆ ತಾನಾಗೇ ಹೋಗುತ್ತೆ. ಹೋಯ್ತು ಕೂಡ.

ಜುಲೈ ಮೂರನೇ ವಾರ. ಕೆಲಸ ಮುಗಿಸಿ ಕೈ ಒರೆಸಿಕೊಳ್ತಿದ್ದೆ. ಮೇಡಂ ಕೇಳಿದರು, "ನಿಮ್ಮ ಮನೆ ಎಲ್ಲಪ್ಪಾ?"

"ಅಶೋಕಪುರಂ ಮೇಡಂ."

"ಓ... ಅಲ್ಲೇನಾ? ಮೊದಲಿಂದಾನೂ?"

"ಹೂಂ ಮೇಡಂ, ತಾತನ ಕಾಲದಿಂದ."

ಅಷ್ಟೇ ಮಾತು. ಮುಂದಿನ ವಾರ ಹೋದಾಗ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು ಹೇಳಿದರು: "ಒಳಗೆ ದೇವರ ಪಾತ್ರೆ ಎಲ್ಲ ಇರುತ್ತೆ, ನೀವು ಹಿತ್ತಲ ನಲ್ಲಿಯಿಂದ ಹಿಡ್ಕೊಂಡ್ಬಿಡಿ." ಹಿತ್ತಲ ನಲ್ಲಿ ಅಂದ್ರೆ ಬೋರ್‌ವೆಲ್ಲು. ಕಾಫಿ ಪೇಪರ್ ಕಪ್ಪಲ್ಲಿ ಬಂತು. ಮೈಸೂರಲ್ಲಿ ಹುಟ್ಟಿ ಬೆಳೆದ ನನಗೆ ಇದೇನು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಪ್ ಕೆಳಗಿಟ್ಟು ಕ್ಯಾನ್ ಎತ್ತಿಕೊಂಡೆ. ಮಗಳ ಫೀಸು ಕಟ್ಟೋ ತಿಂಗಳು ಅದು.

ಆಗಸ್ಟ್‌ನಲ್ಲಿ ಕಂದು ಪುಡಿ ವಾಪಸ್ ಬಂತು. ಹೋದ ಡಯಾಟಮ್ ವಾಪಸ್ ಬರಬಾರದು. ಬಂತು. ನಾನು ಒರೆಸಿದೆ. ಸೆಪ್ಟೆಂಬರ್‌ಗೆ ಕಲ್ಲಿನ ಮೇಲೆ ಹಸಿರು ಕೂದಲು ಎದ್ದಿತು. ಹೇರ್ ಆಲ್ಗೆ ಅಂತೀವಿ. ಗದ್ದೆ ನಾಟಿ ಹಾಕಿದ ಹಾಗೆ ಹುಲುಸಾಗಿ ಬೆಳೀತು. ಕಿತ್ತರೆ ಕೈಗೆ ಬರುತ್ತೆ, ಕಿತ್ತಷ್ಟೂ ಎಳೆ ತುಂಡಾಗಿ ನೀರಲ್ಲಿ ತೇಲಿ ಇನ್ನೊಂದು ಕಡೆ ಕೂರುತ್ತೆ. ಅದೇ ತರ ಕಾಣೋ ಇನ್ನೊಂದಿದೆ, ಬ್ರಯಾಪ್ಸಿಸ್ ಅಂತ. ಅದರ ಎಳೆ ಹಕ್ಕಿ ಪುಕ್ಕದ ಹಾಗೆ ಕವಲು ಕವಲು. ಅದು ಬಂದರೆ ಬಸವನಹುಳುಗಳು ಹೆಚ್ಚಾಗಿ ಮೂಸಿ ನೋಡಲ್ಲ. ನಮ್ಮದು ಪುಕ್ಕ ಅಲ್ಲ, ಬರೀ ಕೂದಲು. ನವೆಂಬರ್‌ಗೆ ಇದರ ಜೊತೆ ಕೆಂಪು ಲೋಳೆ. ನೀರು ಆಡದ ಮೂಲೆಯಲ್ಲಿ ಚಾಪೆ ಹಾಸಿದ ಹಾಗೆ, ಮೇಲೆ ಗುಳ್ಳೆ, ಎತ್ತಿದರೆ ಹಾಳೆಯಾಗಿ ಏಳುತ್ತೆ, ಕೆಟ್ಟ ವಾಸನೆ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ. ಇದರ ಪೂರ್ವಿಕರು ಬಿಟ್ಟ ಆಮ್ಲಜನಕದಿಂದಾನೇ ಸುಮಾರು 240 ಕೋಟಿ ವರ್ಷದ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರೋಕೆ ಶುರುವಾಗಿದ್ದು. ನಾವು ಇವತ್ತು ಉಸಿರಾಡ್ತಿರೋದು ಅವರ ಪುಣ್ಯ. ಆದ್ರೂ ಹಾಲ್‌ನಲ್ಲಿ ಯಾರಿಗೂ ಬೇಡ.

ಮೇಡಂ ಒಂದು ದಿನ ತೊಟ್ಟಿ ಮುಂದೆ ನಿಂತು ಹೇಳಿದರು: "ಇಷ್ಟು ದುಡ್ಡು ಹಾಕಿ ನೋಡೋಕೆ ಅಸಹ್ಯ ಆಗ್ತಿದೆ. ಶುಚಿತ್ವ ಅನ್ನೋದು ಚಿಕ್ಕಂದಿನಿಂದ ಮನೆಯಲ್ಲಿ ಬರಬೇಕು ನೋಡಿ, ಕಲಿಸಿದ್ರೆ ಬರಲ್ಲ."

ಯಜಮಾನರು ಪೇಪರ್ ಓದ್ತಾ ಇದ್ದರು. ಓದ್ತಾನೇ ಇದ್ದರು.

ಆ ಮಾತು ಮೈಗೆ ಹತ್ತಿಬಿಡ್ತು. ವೇದಿಕೆ ಮೇಲೆ ಗುಡುಗೋ ನಾನು ಅವತ್ತು ನಿಜಕ್ಕೂ ಅಂದ್ಕೊಂಡೆ, ತಪ್ಪು ನನ್ನದೇ ಇರಬಹುದು. ವಾರಕ್ಕೆ ಒಂದು ಸಲದ ಬದಲು ಮೂರು ಸಲ ಹೋದೆ, ದುಡ್ಡು ಕೇಳಲಿಲ್ಲ. ಹಲ್ಲುಜ್ಜೋ ಬ್ರಷ್ ತಗೊಂಡು ಒಂದೊಂದು ಕಲ್ಲು ಉಜ್ಜಿದೆ. ಬೆರಳ ಸಂದಿ ಉಪ್ಪುನೀರಿಗೆ ಸೀಳಿ ಹೋಯ್ತು. ತೊಟ್ಟಿಯ ನೀರು ಟೆಸ್ಟ್ ಮಾಡಿದರೆ ನೈಟ್ರೇಟ್ 5, ಫಾಸ್ಫೇಟ್ ಹೆಚ್ಚುಕಡಿಮೆ ಸೊನ್ನೆ. ನೀರು ಚೆನ್ನಾಗಿದೆ, ಆದ್ರೂ ಪಾಚಿ! ಹಾಗಾದ್ರೆ ಉಜ್ಜೋನೇ ಸರಿ ಇಲ್ಲ ಅಂತಾನೇ ತಾನೆ?

ಇಲ್ಲಿ ಒಂದು ಮಾತು ಹೇಳ್ತೀನಿ, ತೊಟ್ಟಿ ಇಟ್ಟೋರು ಯಾರಾದ್ರೂ ಓದ್ತಿದ್ರೆ ಉಪಯೋಗಕ್ಕೆ ಬರುತ್ತೆ. ಪಾಚಿ ದಟ್ಟವಾಗಿದ್ದಾಗ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ್ರೆ ನಂಬಬೇಡಿ. ಬಂದ ಗೊಬ್ಬರವನ್ನೆಲ್ಲ ಬಂದ ತಕ್ಷಣ ಪಾಚಿ ತಿಂದಿರುತ್ತೆ. ತಟ್ಟೆ ಖಾಲಿ ಇದೆ ಅಂದ್ರೆ ಊಟ ಬಡಿಸಿಲ್ಲ ಅಂತ ಅಲ್ಲ. ನೋಡಬೇಕಾದ್ದು ತೊಟ್ಟಿಯ ನೀರಲ್ಲ, ತೊಟ್ಟಿಗೆ ಬರೋ ನೀರು.

ಇದು ನನಗೆ ಹೊಳೆದಿದ್ದು ಡಿಸೆಂಬರ್‌ನಲ್ಲಿ. ಅಂಗಡಿಯಲ್ಲಿದ್ದಾಗಿನ ಅಭ್ಯಾಸ, ಪ್ರತಿ ತೊಟ್ಟಿಗೂ ಒಂದು ನೋಟ್‌ಬುಕ್ ಇಡ್ತೀನಿ. ದಿನಾಂಕ, ಎಷ್ಟು ಲೀಟರ್, ಹೊಸ ನೀರಿನ ಟಿಡಿಎಸ್ ಎಷ್ಟು. ಪೆನ್ನಿನ ತರದ ಮೀಟರ್ ಅದ್ದಿದರೆ ಅಂಕಿ ಬರುತ್ತೆ, ಬರೀತೀನಿ, ಮರೀತೀನಿ. ಆ ರಾತ್ರಿ ಕೂತು ಹಿಂದಿನಿಂದ ತಿರುವಿ ಹಾಕಿದೆ. 32. 35. 31. ಜುಲೈ ಮೂರನೇ ವಾರದವರೆಗೆ ಹೀಗೇ. ಅದರ ಮುಂದಿನ ವಾರ 780. ಆಮೇಲೆ ಕೊನೆ ಪುಟದವರೆಗೂ 760, 790, 780.

ನಾನೇ ನನ್ನ ಕೈಯಲ್ಲೇ ಬರೆದಿದ್ದೆ. ಬರೆಯೋವಾಗ ಏನಂದ್ಕೊಂಡಿದ್ದೆ ಅಂದ್ರೆ, ಹೇಗಿದ್ರೂ ಲೀಟರಿಗೆ 35 ಗ್ರಾಂ ಉಪ್ಪು ಸುರೀತೀನಿ, ಅಂದ್ರೆ 35,000 ಆಗುತ್ತೆ, ಅದರಲ್ಲಿ ಈ 780 ಯಾವ ಲೆಕ್ಕ? ದಡ್ಡತನ. ಲೆಕ್ಕ ಇರೋದು ಎಷ್ಟು ಅನ್ನೋದರಲ್ಲಿ ಅಲ್ಲ, ಯಾವುದು ಅನ್ನೋದರಲ್ಲಿ. ಮೈಸೂರು ನಿಂತಿರೋದೇ ಬಂಡೆ ಮೇಲೆ, ಬೋರ್‌ವೆಲ್ ನೀರು ಆ ಕಲ್ಲಿನ ಸಿಲಿಕಾ ಕರಗಿಸಿಕೊಂಡು ಬರುತ್ತೆ. ಊರಿನ ಕಕ್ಕಸು ಗುಂಡಿ, ಒಡೆದ ಒಳಚರಂಡಿಯಿಂದ ನೈಟ್ರೇಟ್ ಇಳೀತಾ ಇರುತ್ತೆ. ಮಾರನೇ ದಿನ ಹಿತ್ತಲ ನಲ್ಲಿಯ ನೀರಿಗೆ ಟೆಸ್ಟ್ ಹಾಕಿದೆ: ನೈಟ್ರೇಟ್ 50ರ ಹತ್ತಿರ. ಕುಡಿಯೋ ನೀರಿಗೆ ನಮ್ಮ ದೇಶದ ಮಿತಿ 45. ಇದರ ಮೇಲೆ ಇನ್ನೊಂದು. ತೊಟ್ಟಿಯಿಂದ ದಿನಾ ಎರಡು ಮೂರು ಲೀಟರ್ ಆವಿಯಾಗುತ್ತೆ. ಆವಿಯಾಗೋದು ಬರೀ ನೀರು, ಕರಗಿರೋದೆಲ್ಲ ಒಳಗೇ ಉಳಿಯುತ್ತೆ. ಆ ಕೊರತೆ ತುಂಬೋಕೆ ಮತ್ತೆ ಅದೇ ನಲ್ಲಿಯ ನೀರು. ಐದು ತಿಂಗಳು ನಾನು ಒಂದು ಕೈಯಲ್ಲಿ ಗೊಬ್ಬರ ಹಾಕ್ತಾ ಇನ್ನೊಂದು ಕೈಯಲ್ಲಿ ಕಳೆ ಕೀಳ್ತಾ ಇದ್ದೆ.

ಆ ಮನೆಯ ಪಾಚಿ ಬಂದಿದ್ದು ಅಡುಗೆಮನೆ ಬಾಗಿಲಿಂದ. ಅದು ಮುಚ್ಚಿದ್ದರಿಂದ.

ನೋಟ್‌ಬುಕ್ ಮುಚ್ಚಿ ಮಲಗಿದರೆ ನಿದ್ದೆ ಬರಲಿಲ್ಲ. ಪ್ರತಿ ಮಾರ್ಚ್ 20ಕ್ಕೆ ನಾನು ಮಹಾಡ್ ಬಗ್ಗೆ ಮಾತಾಡ್ತೀನಿ. 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಚೌದಾರ್ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದಿದ್ದು, ಆಮೇಲೆ ಜನರ ಮೇಲೆ ಬಿದ್ದ ಪೆಟ್ಟು, ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟಿದ್ದು, ಕೋರ್ಟಿನಲ್ಲಿ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟ್ ನಮ್ಮ ಕಡೆ ತೀರ್ಪು ಕೊಟ್ಟಿದ್ದು. ಇದೆಲ್ಲ ಬಾಯಿಪಾಠ. ಆದ್ರೆ ಒಂದು ವಿಷಯ ನನ್ನ ಕಸುಬಿನ ಕಣ್ಣಲ್ಲಿ ಯಾವತ್ತೂ ನೋಡಿರಲಿಲ್ಲ. ನಮ್ಮವರು ಮುಟ್ಟಿದ್ದಕ್ಕೆ ಕೆರೆ ಮೈಲಿಗೆ ಆಯ್ತು ಅಂತ ಅವರು ಶುದ್ಧಿ ಮಾಡಿದರಲ್ಲ, ಹೇಗೆ? ಸಗಣಿ, ಗಂಜಲ, ಹಾಲು, ಮೊಸರು ಕಲಸಿ 108 ಕೊಡ ಕೆರೆಗೆ ಸುರಿದರು. ಸಗಣಿಯಲ್ಲಿ ಫಾಸ್ಫೇಟು, ಗಂಜಲದಲ್ಲಿ ಸಾರಜನಕ, ಹಾಲಿನಲ್ಲಿ ಎರಡೂ. ಪಾಚಿ ಬೆಳೆಸಬೇಕು ಅಂತ ಯಾರಾದ್ರೂ ನನ್ನ ಕೇಳಿದ್ರೆ ಇದಕ್ಕಿಂತ ಒಳ್ಳೆ ಗೊಬ್ಬರ ನಾನು ಬರ್ಕೊಡಲಾರೆ! ಕತ್ತಲಲ್ಲಿ ಒಬ್ಬನೇ ನಕ್ಕೆ. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಎದ್ದು "ಏನಾಯ್ತು ನಿಮಗೆ?" ಅಂದಳು.

ಮುಂದಿನ ಭಾನುವಾರ ಯಜಮಾನರು ಒಬ್ಬರೇ ಇದ್ದರು. ನೋಟ್‌ಬುಕ್ ಮುಂದಿಟ್ಟೆ. ಜೊತೆಗೆ ಎರಡು ಗಾಜಿನ ಲೋಟ, ಒಂದರಲ್ಲಿ ನಮ್ಮ ಮನೆಯ ಆರ್‌ಒ ನೀರು, ಇನ್ನೊಂದರಲ್ಲಿ ಅವರ ಹಿತ್ತಲ ನೀರು. ಮೀಟರ್ ಅದ್ದಿ ತೋರಿಸಿದೆ.

"ಜುಲೈಲಿ ಏನಾಯ್ತು? ಯಾಕೆ ನೀರು ಬದಲಾಯಿಸಿದ್ರಿ?" ಅಂದರು.

"ನಾನು ಬದಲಾಯಿಸಲಿಲ್ಲ ಸಾರ್. ಮನೆ ಎಲ್ಲಿ ಅಂತ ಮೇಡಂ ಕೇಳಿದ್ರು. ಹೇಳ್ದೆ. ಮುಂದಿನ ವಾರದಿಂದ ಹಿತ್ತಲ ನಲ್ಲಿ."

ಅವರು ದಿನಾಂಕದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತರು. ಅರ್ಥ ಆಯ್ತು, ಮುಖ ನೋಡಿದರೆ ಗೊತ್ತಾಗ್ತಿತ್ತು. ನಾನು ಕಾಯ್ತಾ ನಿಂತಿದ್ದೆ. ಒಂದು ಮಾತು ಬರಬಹುದು ಅಂತ.

"ಒಂದು ಕೆಲಸ ಮಾಡಿ," ಅಂದರು. "ನೀರಿನ ಕ್ಯಾನ್ ನೀವೇ ಮನೆಯಿಂದ ತಂದ್ಬಿಡಿ. ಎಕ್ಸ್‌ಟ್ರಾ ಎಷ್ಟಾಗುತ್ತೋ ಕೊಡ್ತೀನಿ. ಮನೇಲಿ ಹಳಬರು, ಸುಮ್ಮನೆ ಯಾಕೆ..."

ಸರಿ ಸಾರ್ ಅಂದೆ. ಹೌದು, ಸರಿ ಅಂದೆ.

ನೀವು ಕೇಳ್ತೀರಿ ಅಂತ ಗೊತ್ತು. ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಊರವರಿಗೆಲ್ಲ ಕಂಪ್ಲೇಂಟ್ ಬರ್ಕೊಡೋ ನೀನು ಯಾಕೆ ಬಾಯಿ ಮುಚ್ಕೊಂಡೆ? ದೂರಿನಲ್ಲಿ ಏನಂತ ಬರೀಲಿ? "ಹಿತ್ತಲ ನಲ್ಲಿ ಉಪಯೋಗಿಸಿ ಅಂದರು" ಅಂತಾನಾ? ಯಾರೂ ಜಾತಿ ಹೆಸರು ಎತ್ತಲಿಲ್ಲ, ಬೈಯಲಿಲ್ಲ. ಸಾಕ್ಷಿ ಅಂದ್ರೆ ಆ ಮನೆಯಲ್ಲಿ ಪಾತ್ರೆ ತೊಳೆಯೋ ಅಕ್ಕ ಒಬ್ಬರೇ. ಅವರೂ ನಮ್ಮೋರೇ. ಡಿಸೆಂಬರ್‌ನಲ್ಲಿ ನಾನು ನಲ್ಲಿ ನೀರು ಟೆಸ್ಟ್ ಮಾಡ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದ್ದರು: "ನೀ ಏನೇನೋ ನೋಡ್ಬ್ಯಾಡ ಕಣಪ್ಪ, ನಂಗೆ ಇದೊಂದೇ ಮನೆ ಇರೋದು." ಅವರ ಮುಖ ನೆನಪಾಗಿ ಸುಮ್ಮನಾದೆ ಅಂತ ಹೇಳಿದರೆ ಅರ್ಧ ನಿಜ. ಇನ್ನರ್ಧ, ತಿಂಗಳ ಕೊನೆಗೆ ಬರೋ ಆ ದುಡ್ಡು ನನಗೂ ಬೇಕಿತ್ತು. ಬೈಯೋರು ಬೈಯಿರಿ.

ಪಾಚಿ ಹೋಗೋಕೆ ಮೂರು ತಿಂಗಳು ಹಿಡೀತು. ಮನೆಯಲ್ಲಿ ಆರ್‌ಒ ಮೆಷೀನಿಗೆ ಇನ್ನೊಂದು ಡಿಐ ಫಿಲ್ಟರ್ ಜೋಡಿಸಿದೆ, ಮೀಟರ್ ಸೊನ್ನೆ ತೋರಿಸೋವರೆಗೂ. ವಾರಕ್ಕೆ 20 ಲೀಟರಿನ ಎರಡು ಕ್ಯಾನ್ ಬದಲಾಯಿಸೋಕೆ, ಒಂದು ಕ್ಯಾನ್ ಆವಿಯಾದದ್ದಕ್ಕೆ. ಆಕ್ಟಿವಾ ಮುಂದೆ ಒಂದು, ಹಿಂದೆ ಕಟ್ಟಿ ಎರಡು. ಕಲ್ಲುಗಳನ್ನ ಈಚೆ ತೆಗೆದು, ತೊಟ್ಟಿಯಿಂದ ತೆಗೆದ ಉಪ್ಪುನೀರಿನ ಬಕೆಟ್‌ನಲ್ಲೇ ಉಜ್ಜಿದೆ. ಸಿಹಿನೀರಲ್ಲಿ ಉಜ್ಜಿದರೆ ಒಳಗಿರೋ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತೆ. ಲೈಟ್ ಹತ್ತು ಗಂಟೆಯಿಂದ ಆರಕ್ಕೆ ಇಳಿಸಿದೆ. ಮೊಮ್ಮಕ್ಕಳು ಬಂದಾಗಲೆಲ್ಲ ಮೀನಿಗೆ ಊಟ ಸುರಿಯೋದನ್ನ ನಿಲ್ಲಿಸಿದೆ. ಕೆಂಪು ಲೋಳೆ ಇದ್ದ ಮೂಲೆಗೆ ಒಂದು ಸಣ್ಣ ಪಂಪ್ ತಿರುಗಿಸಿ ಇಟ್ಟು, ಹಾಳೆ ಎದ್ದಷ್ಟನ್ನೂ ಪೈಪಲ್ಲಿ ಎಳೆದು ತೆಗೆದೆ. ಅದಕ್ಕೆ ಆಂಟಿಬಯೋಟಿಕ್ ಮಾತ್ರೆ ಹಾಕೋರೂ ಇದ್ದಾರೆ. ನಾನು ಹಾಕಲ್ಲ, ಒಳ್ಳೆಯದನ್ನೂ ಕೊಲ್ಲುತ್ತೆ. ಕೊನೆಗೆ ಹದಿನೈದು ಬಸವನಹುಳು ಬಿಟ್ಟೆ. ಗಾಜಿನ ಮೇಲೆ ಅವು ಮೇಯೋದನ್ನ ನೋಡೋದೇ ಒಂದು ಸಮಾಧಾನ.

ಮಾರ್ಚ್‌ಗೆ ತೊಟ್ಟಿ ಹೊಳೀತಿತ್ತು. ಇಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ. ಯಜಮಾನರಿಗೆ ಈಗ ಶುದ್ಧದ ಹುಚ್ಚು ಹಿಡೀತು. ಆನ್‌ಲೈನ್‌ನಲ್ಲಿ ಫಾಸ್ಫೇಟ್ ತೆಗೆಯೋ ಪುಡಿ ತರಿಸಿ ನನಗೆ ಹೇಳದೆ ಹಾಕ್ತಾ ಹೋದರು. ಏಪ್ರಿಲ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಈ ಸಲ ನಿಜವಾದ ಸೊನ್ನೆ, ತಿನ್ನೋಕೆ ಪಾಚಿಯೇ ಇರಲಿಲ್ಲ. ಎರಡು ವಾರದಲ್ಲಿ ಮರಳ ಮೇಲೆ ಕಂದು ಸಿಂಬಳದ ಹಾಗೆ ಎಳೆ ಎಳೆ, ತುದಿಯಲ್ಲಿ ಗುಳ್ಳೆ. ಹಗಲು ದಟ್ಟ, ರಾತ್ರಿ ಲೈಟ್ ಆರಿದ ಮೇಲೆ ನೋಡಿದರೆ ಅರ್ಧ ಮಾಯ. ನಾನು ಡಯಾಟಮ್ ಅಂದ್ಕೊಂಡು ಇನ್ನಷ್ಟು ಶುದ್ಧ ನೀರು ಸುರಿದೆ. ಬಸವನಹುಳುಗಳು ಒಂದೊಂದೇ ಮಗುಚಿಕೊಂಡವು. ಹದಿನೈದರಲ್ಲಿ ಹನ್ನೊಂದು ಸತ್ತವು.

ಒಂದು ಸಣ್ಣ ಬಾಟಲಿಯಲ್ಲಿ ಅದನ್ನ ತುಂಬಿಕೊಂಡು ಮಾನಸಗಂಗೋತ್ರಿಗೆ ಹೋದೆ. ಹಾಸ್ಟೆಲ್ ಹೋರಾಟದ ಕಾಲದ ಗೆಳೆಯ ಒಬ್ಬ ಅಲ್ಲಿ ಸಂಶೋಧನೆ ಮಾಡ್ತಾನೆ. ಮೈಕ್ರೋಸ್ಕೋಪ್ ಕೆಳಗೆ ಹನಿ ಇಟ್ಟು "ನೋಡು ಬಾ" ಅಂದ. ಎಳ್ಳಿನ ಆಕಾರದ ಜೀವಗಳು, ಒಂದು ಗೂಟಕ್ಕೆ ಕಟ್ಟಿದ ಕರುಗಳ ಹಾಗೆ ಇದ್ದಲ್ಲೇ ಸುತ್ತುತಾ ಇದ್ದವು. ಡೈನೋಫ್ಲ್ಯಾಜೆಲೇಟ್, ಅದರಲ್ಲೂ ಓಸ್ಟ್ರಿಯೋಪ್ಸಿಸ್ ತರ ಇದೆ, ವಿಷ ಇರುತ್ತೆ ಅಂದ. ಬೇರೆಯವು ಬೆಳೆಯೋಕೆ ಏನೂ ಸಿಗದ ನೀರಲ್ಲಿ ಇದಕ್ಕೆ ಎದುರಾಳಿಗಳೇ ಇರಲ್ಲ, ಮೈದಾನ ಪೂರ್ತಿ ಇದರದ್ದೇ. ಕಿಟಕಿಯಾಚೆ ಕುಕ್ಕರಹಳ್ಳಿ ಕೆರೆ ಕಡೆಯ ಮರಗಳು. ಆ ಕೆರೆ ಚರಂಡಿ ನೀರು ಸೇರಿ ಹಸಿರಾಗಿದ್ದನ್ನ ನಾವಿಬ್ಬರೂ ನೋಡಿದ್ದೀವಿ. ಅಲ್ಲಿ ಹೆಚ್ಚಾಗಿ ಹಾಳು, ನನ್ನ ತೊಟ್ಟಿಯಲ್ಲಿ ಏನೂ ಇಲ್ಲದೆ ಹಾಳು.

ವಾಪಸ್ ಹೋಗಿ ಯಜಮಾನರಿಗೆ ಹೇಳಿದೆ: "ಆ ಪುಡಿ ಬಿಡಿ ಸಾರ್. ತೊಟ್ಟಿಗೆ ಸ್ವಲ್ಪ ಗಲೀಜು ಬೇಕು."

ಮೇಡಂ ಒಳಗಿಂದ ಕೇಳಿಸಿಕೊಂಡು "ಏನು?" ಅಂದರು. ಇನ್ನೊಂದು ಸಲ ಹೇಳಿದೆ, ಸ್ವಲ್ಪ ಜೋರಾಗಿ.

ನೀರು ಬದಲಾಯಿಸೋದು ನಿಲ್ಲಿಸಿ, ಮೀನಿಗೆ ಊಟ ಜಾಸ್ತಿ ಮಾಡಿ, ಮೂರು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ, ಯುವಿ ಲೈಟ್ ಹಾಕಿ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರ ಆಸುಪಾಸು ನಿಲ್ಲಿಸೋಕೆ ಜೂನ್ ಮುಗೀತು. ಈಗ ಗಾಜಿನ ಮೇಲೆ ವಾರಕ್ಕೆ ತೆಳ್ಳಗೆ ಹಸಿರು ಬರುತ್ತೆ. ಬರಲಿ.

ಕ್ಯಾನ್ ಇವತ್ತಿಗೂ ನಾನೇ ಹೊರ್ತೀನಿ. ಆ ಮನೆಯ ಹಾಲ್‌ನಲ್ಲಿ ಮಿನುಗೋ ಸಮುದ್ರ ಪೂರ್ತಿ ಈಗ ಅಶೋಕಪುರಂ ನೀರೇ. ನೆಂಟರು ಬಂದರೆ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ.

ಹೋದ ತಿಂಗಳು ಹಿತ್ತಲಲ್ಲಿ ಕ್ಯಾನ್ ಇಳಿಸ್ತಿದ್ದಾಗ ಅಕ್ಕ ಒಂದು ಖಾಲಿ ಬಾಟಲಿ ಹಿಡ್ಕೊಂಡು ಬಂದರು. ಅವರಿಗೆ ಕುಡಿಯೋಕೂ ಅದೇ ನಲ್ಲಿ ನೀರು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮೀನಿಗೆ 50 ನೈಟ್ರೇಟ್ ಜಾಸ್ತಿ ಅಂತ ಇಷ್ಟೆಲ್ಲ ಒದ್ದಾಡಿದೆ, ಅದನ್ನ ಕುಡೀತಿದ್ದ ಮನುಷ್ಯರನ್ನ ನೋಡಲಿಲ್ಲ. ಕ್ಯಾನ್ ಬಗ್ಗಿಸಿ ಬಾಟಲಿ ತುಂಬಿದೆ. ಒಂದು ಗುಟುಕು ಕುಡಿದು ಮುಖ ಸೊಟ್ಟ ಮಾಡಿದರು.

"ಏನಪ್ಪ ಇದು, ರುಚಿನೇ ಇಲ್ಲ."

ಸೊನ್ನೆ ಟಿಡಿಎಸ್ ನೀರು, ರುಚಿ ಎಲ್ಲಿಂದ ಬರಬೇಕು. ಈಗ ಪ್ರತಿ ವಾರ ಮೀನಿನ ಕ್ಯಾನ್‌ಗಳ ಜೊತೆ ಮನೆಯಿಂದ ಎರಡು ಬಾಟಲಿ ಕುಡಿಯೋ ನೀರು ಬೇರೆ ತಗೊಂಡು ಹೋಗ್ತೀನಿ, ಅಕ್ಕನಿಗೊಂದು, ನನಗೊಂದು. ಹಿತ್ತಲ ಕಟ್ಟೆ ಮೇಲೆ ಕೂತು ಕುಡೀತೀವಿ. ಅವರ ಮಗ ಈ ವರ್ಷ ಡಿಪ್ಲೊಮಾ ಮುಗಿಸ್ತಾನಂತೆ. ಆಮೇಲೆ ಈ ಮನೆ ಬಿಡ್ತೀನಿ ಅಂತಿದ್ದಾರೆ.

ನೋಟ್‌ಬುಕ್ ನನ್ನ ಹತ್ತಿರಾನೇ ಇದೆ.